ಸೇವ್ ಒತ್ತಿ ಕಾಯೋದು ಸಾಕಾದಾಗ

ನಮ್ಮ ಜಾಂಗೋ (ಪೈಥಾನ್‌ನ ವೆಬ್ ಚೌಕಟ್ಟು) ಆ್ಯಪ್‌ನಲ್ಲಿ ಒಂದು ಕಾಮಾ ತಿದ್ದಿ ಸೇವ್ ಕೊಟ್ಟರೂ ರನ್‌ಸರ್ವರ್ (ಕೋಡ್ ಬರೆಯುವಾಗ ಬಳಸೋ ಸರ್ವರ್) ಮತ್ತೆ ಎದ್ದು ಕೂರೋಕೆ 6 ಸೆಕೆಂಡ್ ಹಿಡೀತಿತ್ತು. ಸಾಲಿಗೊಮ್ಮೆ ಸೇವ್ ಒತ್ತೋ ಚಾಳಿ ನನ್ನದು. ಡೇಟಾಬೇಸ್ ಮೇಲೆ ಗುಮಾನಿಪಟ್ಟು ಎರಡು ದಿನ ಹಾಳು ಮಾಡಿಕೊಂಡೆ. ನೀವು ಹಾಗೆ ಮಾಡಬೇಡಿ, ಯಾವ ಇಂಪೋರ್ಟ್ (ಬೇರೆ ಮಾಡ್ಯೂಲ್, ಅಂದರೆ ಕೋಡ್ ಫೈಲ್, ಎಳೆದು ತರೋ ಸಾಲು) ಎಷ್ಟು ಹೊತ್ತು ಹಿಡಿಯುತ್ತೆ ಅಂತ ಮೊದಲು ಅಳೆಯಿರಿ. ಪೈಥಾನ್ 3.7ರಿಂದ ಅಳತೆಗೋಲು ಅದರೊಳಗೇ ಇದೆ:

ಪೈಥಾನ್ -ಎಕ್ಸ್ ಇಂಪೋರ್ಟ್‌ಟೈಮ್ ಮ್ಯಾನೇಜ್.ಪಿವೈ ಚೆಕ್ 2> ಸಮಯ.ಲಾಗ್

ಆ 2> ಮರೆತರೆ ಟರ್ಮಿನಲ್ ತುಂಬ ಸಾಲುಗಳ ಜಾತ್ರೆ. ಲಾಗ್‌ನಲ್ಲಿ ಮೊದಲ ಅಂಕಿ ಆ ಮಾಡ್ಯೂಲ್‌ನ ಸ್ವಂತ ಸಮಯ, ಎರಡನೆಯದು ಅದು ಎಳೆದು ತಂದವರನ್ನೂ ಸೇರಿಸಿದ ಒಟ್ಟು. ಎಲ್ಲ ಮೈಕ್ರೋಸೆಕೆಂಡ್, 10 ಲಕ್ಷ ಅಂದರೆ ಒಂದು ಸೆಕೆಂಡ್. ಮಕ್ಕಳು ಮೇಲೆ, ತಾಯಿ ಕೆಳಗೆ ಅಚ್ಚಾಗೋದರಿಂದ ಕೆಳಗಿನಿಂದ ಓದಿ.

ನನ್ನ ಲಾಗ್‌ನಲ್ಲಿ ಸಿಕ್ಕಿದ್ದು ಪಾಂಡಾಸ್ ಅನ್ನೋ ಡೇಟಾ ಲೈಬ್ರರಿ. ತಿಂಗಳಿಗೊಮ್ಮೆ ಯಾರೋ ಇಳಿಸಿಕೊಳ್ಳುವ ಒಂದು ಎಕ್ಸೆಲ್ ವರದಿಗಾಗಿ ವ್ಯೂಸ್ (ಪುಟಗಳ ಕೋಡ್ ಇರೋ) ಫೈಲಿನ ತಲೆಯಲ್ಲಿ ಕೂತಿತ್ತು. ಆ ಇಂಪೋರ್ಟ್ ಸಾಲನ್ನು ವರದಿಯ ಫಂಕ್ಷನ್ ಒಳಗೆ ಇಳಿಸಿದೆ. ಒಮ್ಮೆ ಲೋಡ್ ಆದದ್ದು ಸಿಸ್.ಮಾಡ್ಯೂಲ್ಸ್ ಅನ್ನೋ ಪೈಥಾನ್‌ನ ದಾಸ್ತಾನಿನಲ್ಲಿ ಉಳಿಯುತ್ತೆ, ಹಾಗಾಗಿ ಎರಡನೇ ಸಲದ ಖರ್ಚು ಲೆಕ್ಕಕ್ಕಿಲ್ಲ.

ಮತ್ತೆ ಅಳೆದರೆ ಉಳಿತಾಯ ಅಂದುಕೊಂಡಷ್ಟಿಲ್ಲ! ಈಗ ಮ್ಯಾಟ್‌ಪ್ಲಾಟ್‌ಲಿಬ್ (ಗ್ರಾಫ್ ಬಿಡಿಸೋ ಲೈಬ್ರರಿ) ಸಾಲು ಊದಿಕೊಂಡಿತ್ತು. ಪಾಂಡಾಸ್, ಮ್ಯಾಟ್‌ಪ್ಲಾಟ್‌ಲಿಬ್ ಎರಡಕ್ಕೂ ನಂಪೈ ಅನ್ನೋ ಲೆಕ್ಕದ ಲೈಬ್ರರಿ ಬೇಕು. ಮೊದಲು ಕರೆದವರ ಖಾತೆಗೇ ಅದರ ಪೂರ್ತಿ ಸಮಯ ಬೀಳುತ್ತೆ, ಆಮೇಲಿನವರಿಗೆ ಅದು ಪುಕ್ಕಟೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗೆ. ಆದ್ದರಿಂದ ಒಂದೊಂದು ಸಾಲು ಕದಲಿಸಿದ ಮೇಲೂ ಹೊಸ ಲಾಗ್ ತೆಗೆಯಿರಿ. ಮ್ಯಾಟ್‌ಪ್ಲಾಟ್‌ಲಿಬ್ ಕೂಡ ಫಂಕ್ಷನ್ ಒಳಗೆ ಹೋದ ಮೇಲೆ 6 ಸೆಕೆಂಡ್ 2ಕ್ಕೆ ಇಳಿಯಿತು.

ಟೈಪ್ ಸೂಚನೆಗೆ ಮಾತ್ರ ಬೇಕಾದ ಇಂಪೋರ್ಟ್‌ಗಳನ್ನು ಟೈಪ್_ಚೆಕಿಂಗ್ ಷರತ್ತಿನೊಳಗೆ ಹಾಕಿ, ಆ್ಯಪ್ ಓಡುವಾಗ ಅವು ಲೋಡ್ ಆಗಲ್ಲ. ಮಾಡೆಲ್ಸ್ (ಡೇಟಾಬೇಸ್ ಟೇಬಲ್‌ಗಳ ವಿವರ), ಸಿಗ್ನಲ್ಸ್ (ಏನಾದರೂ ನಡೆದಾಗ ತಾನಾಗಿ ಓಡೋ ಹ್ಯಾಂಡ್ಲರ್ ಕೋಡ್) ತಂಟೆಗೆ ಹೋಗಬೇಡಿ. ಸಿಗ್ನಲ್ ಫೈಲ್ ಲೋಡ್ ಆಗದಿದ್ದರೆ ಅದರ ಹ್ಯಾಂಡ್ಲರ್ ನೋಂದಣಿಯೇ ಆಗಲ್ಲ, ಎರರ್ ಕೂಡ ಬರಲ್ಲ.

ಫಂಕ್ಷನ್ ಒಳಗಿನ ಇಂಪೋರ್ಟ್‌ಗೂ ಬೆಲೆ ಇದೆ: ಪ್ರತಿ ವರ್ಕರ್‌ನಲ್ಲೂ (ಬಂದ ಕೋರಿಕೆ ನಿಭಾಯಿಸೋ ಸರ್ವರ್ ಪ್ರಕ್ರಿಯೆ) ಮೊದಲು ಆ ಪುಟ ತೆರೆದವರು ಕಾಯಬೇಕು. ಪ್ಯಾಕೇಜ್ ಇನ್‌ಸ್ಟಾಲ್ ಆಗಿಲ್ಲ ಅನ್ನೋದು ಗೊತ್ತಾಗೋದೂ ಆಗಲೇ. ಅದಕ್ಕೇ ಆ ವರದಿಯನ್ನು ಕರೆಯುವ ಒಂದು ಟೆಸ್ಟ್ ಬರೆದಿಟ್ಟಿದ್ದೇನೆ.

ಡಾಕರ್‌ನಲ್ಲಿ (ಆ್ಯಪನ್ನು ಕಂಟೇನರ್ ಅನ್ನೋ ಡಬ್ಬಿಯೊಳಗೆ ಓಡಿಸೋ ಸಾಧನ) ಪ್ಯಾಕೇಜ್ ಇನ್‌ಸ್ಟಾಲ್ ಮಾಡೋಕೆ ಯುವಿ ಬಳಸುತ್ತಿದ್ದರೆ ಇನ್ನೊಂದು ಕೆಲಸ. ಅದು ಪೈಥಾನ್‌ನ ಮಾಮೂಲಿ ಇನ್‌ಸ್ಟಾಲರ್ ಪಿಪ್‌ನಂತೆ ತಾನಾಗಿ ಬೈಟ್‌ಕೋಡ್ (ಪೈಥಾನ್ ಓಡಿಸೋಕೆ ಕಂಪೈಲ್ ಮಾಡಿದ ರೂಪ) ಮಾಡಿಡಲ್ಲ, ಹೊಸ ಕಂಟೇನರ್ ಎದ್ದಾಗಲೆಲ್ಲ ಕಂಪೈಲ್ ಶುರು. ಇಮೇಜ್ ಕಟ್ಟುವಾಗಲೇ ‘ಕಂಪೈಲ್-ಬೈಟ್‌ಕೋಡ್’ ಆಯ್ಕೆ ಕೊಟ್ಟುಬಿಡಿ. ಇಮೇಜ್ ಸ್ವಲ್ಪ ದಪ್ಪಗಾಗುತ್ತೆ, ಆಗಲಿ.