ಕಲಬುರಗಿಯಾಗ ಹುಡುಗ್ರ ಶಾರ್ಟ್ ಫಿಲ್ಮ್ ಶೋ ಮಾಡೋದು ಹ್ಯಾಂಗ: ಹಾರದ ರೊಕ್ಕ ಸೌಂಡಿಗಿ ಹಾಕ್ರಿ

ನಮ್ ಕಡೆ ಹುಡುಗ್ರು ಹುಡುಗ್ಯಾರು ಫೋನ್‌ನಾಗೇ ಶೂಟ್ ಮಾಡಿ ಫೋನ್‌ನಾಗೇ ಎಡಿಟ್ ಮಾಡಿ ಚೊಲೋ ಚೊಲೋ ಶಾರ್ಟ್ ಫಿಲ್ಮ್ ಮಾಡ್ಲಿಕತ್ತಾರ, ಆದ್ರ ಅದನ್ನ ನೋಡೋರ್ ಯಾರ್ರಿ? ಯೂಟ್ಯೂಬ್‌ನಾಗ ಹಾಕ್ತಾರ, ಗೆಳ್ಯಾರು ನೋಡದೇನೇ "ಸೂಪರ್ ಬ್ರೋ" ಅಂತ ಕಮೆಂಟ್ ಒಗಿತಾರ, ಅಲ್ಲಿಗಿ ಮುಗೀತು. ಗುರ್ತಿಲ್ಲದ ಐವತ್ತು ಮಂದಿ ಜೋಡಿ ಕತ್ತಲದಾಗ ಕುಂತು ತನ್ನ ಫಿಲ್ಮ್ ತಾನೇ ನೋಡಿದಾಗ, ಎಲ್ಲಿ ನಗ್ತಾರ, ಯಾವ ಸೀನಿಗಿ ಫೋನ್ ಹೊರಗ ತೆಗೀತಾರ ಅನ್ನೋದು ಕಣ್ಣಿಗೇ ಕಾಣ್ತದಲ್ಲ, ಅದನ್ನ ಯಾವ ಕೋರ್ಸೂ ಕಲಿಸಂಗಿಲ್ಲ. ಅದಕ್ಕ ಒಂದು ಶೋ ಮಾಡ್ರಿ. ಬೀದರ್, ಯಾದಗಿರಿಯವ್ರಿಗೂ ಇದೇ ಲೆಕ್ಕ.

ಮೊದಲು ಫಿಲ್ಮ್ ಕೂಡಿಸೋ ಕೆಲಸ. ಒಂದು ಗೂಗಲ್ ಫಾರ್ಮ್ ಮಾಡಿ ಗುಲಬರ್ಗಾ ಯೂನಿವರ್ಸಿಟಿ, ಕಡಗಂಚಿ ಸೆಂಟ್ರಲ್ ಯೂನಿವರ್ಸಿಟಿ, ಡಿಗ್ರಿ ಕಾಲೇಜು, ಡಿಪ್ಲೊಮಾ ಕಾಲೇಜು ಎಲ್ಲಾ ಕಡೆ ಗ್ರೂಪಿಗಿ ಬಿಡ್ರಿ. ಕನ್ನಡದಾಗ ಅಷ್ಟೇ ಇರ್ಬೇಕು ಅಂತ ಕಂಡೀಷನ್ ಹಾಕ್ಬ್ಯಾಡ್ರಿ, ಈ ಊರಾಗ ದಖನಿ ಉರ್ದು ಮಾತಾಡೋ ಓಣಿ ಎಷ್ಟವ, ಲಂಬಾಣಿ ತಾಂಡಾ ಎಷ್ಟವ, ಅವ್ರ ಕತಿ ಅವ್ರ ಮಾತಿನಾಗೇ ಬರ್ಲಿ, ಕೆಳಗ ಕನ್ನಡ ಸಬ್‌ಟೈಟಲ್ ಇದ್ರ ಸಾಕು. ಆಸ್ಕರ್‌ನವ್ರು 40 ನಿಮಿಷದ ತನಕ ಶಾರ್ಟ್ ಫಿಲ್ಮ್ ಅಂತಾರ, ಆದ್ರ ನೀವು 15 ನಿಮಿಷಕ್ಕ ಗೆರಿ ಎಳೀರಿ. ಮತ್ತ ಫಿಲ್ಮ್ ವಾಟ್ಸ್ಯಾಪ್‌ನಾಗ ವಿಡಿಯೋ ಅಂತ ಕಳಿಸಿದ್ರ ಅದು ಹಿಂಡಿ ಹಿಪ್ಪಿ ಮಾಡಿಬಿಡ್ತದ, ದೊಡ್ಡ ಪರದಿ ಮ್ಯಾಲ ಮಾರಿ ಎಲ್ಲಾ ಚೌಕ ಚೌಕ ಕಾಣ್ತದ, ಡ್ರೈವ್ ಲಿಂಕ್ ಇಸ್ಕೋರಿ, ಅದೂ ಬರಂಗಿಲ್ಲ ಅಂದ್ರ ಡಾಕ್ಯುಮೆಂಟ್ ಅಂತ ಕಳಿಸ್ಲಿಕ್ಕೆ ಹೇಳ್ರಿ, ಇಲ್ಲ ಸೀದಾ ಪೆನ್‌ಡ್ರೈವ್.

ಆರಿಸೋರು ಮೂರು ಮಂದಿ ಸಾಕು, ಅದ್ರಾಗ ಒಬ್ರು ಸಿನಿಮಾದವ್ರಲ್ಲದವ್ರು ಇರ್ಲಿ. ಒಟ್ಟು ಶೋ ಒಂದು ತಾಸು, ಭಾಳ ಆದ್ರ ಒಂದೂಕಾಲು ತಾಸು, ಅಂದ್ರ ಆರೇಳು ಫಿಲ್ಮ್. ಬಂದಿದ್ದೆಲ್ಲಾ ಹಾಕ್ತೀವಿ, ಯಾರಿಗೂ ಬ್ಯಾಸರ ಆಗೋದು ಬ್ಯಾಡ ಅಂತ ಇಪ್ಪತ್ತು ಫಿಲ್ಮ್ ಹಾಕಿದ್ರ ಎಲ್ಲಾರಿಗೂ ಬ್ಯಾಸರ ಗ್ಯಾರಂಟಿ.

ಕಾನೂನಿನ ಮಾತು ಜರಾ ಕೇಳ್ರಿ. ಸಾರ್ವಜನಿಕವಾಗಿ ಫಿಲ್ಮ್ ತೋರಿಸ್ಲಿಕ್ಕೆ 1952ರ ಸಿನಿಮಾಟೋಗ್ರಾಫ್ ಕಾಯ್ದೆ ಪ್ರಕಾರ ಸೆನ್ಸಾರ್ ಸರ್ಟಿಫಿಕೇಟ್ ಬೇಕು, ದೊಡ್ಡ ಫೆಸ್ಟಿವಲ್‌ನವ್ರು ಅದಕ್ಕ ಕೇಂದ್ರ ಸರ್ಕಾರದಿಂದ ವಿನಾಯಿತಿ ತಗೋತಾರ. ಹಂಗಾಗಿ ಮೊದಲ ಸಲ ಕಾಲೇಜಿನ ಒಳಗಿನ ಕಾರ್ಯಕ್ರಮ ಅಂತ ಮಾಡಿ, ಪ್ರಿನ್ಸಿಪಾಲರ ಪರ್ಮಿಷನ್ ಲೆಟರ್ ಕೈಯಾಗ ಇಟ್ಕೊಂಡು, ಟಿಕೆಟ್ ಇಲ್ದೇ ನಡೆಸೋದು ಚೊಲೋ. ಪ್ರಿನ್ಸಿಪಾಲರು "ಇದೆಲ್ಲಾ ಟೈಮ್‌ಪಾಸ್" ಅಂದ್ರ, 2024ರಾಗ ಕಾನ್ ಫೆಸ್ಟಿವಲ್‌ನಾಗ ಸ್ಟೂಡೆಂಟ್ ಫಿಲ್ಮ್‌ಗಳ ಲಾ ಸಿನೆಫ್ ವಿಭಾಗದಾಗ ಮೊದಲ ಬಹುಮಾನ ಬಂದಿದ್ದು ನಮ್ಮ ಚಿದಾನಂದ ನಾಯ್ಕ್ ಅವ್ರ ಕನ್ನಡ ಕಿರುಚಿತ್ರಕ್ಕ, ಅದೂ ಕೋಳಿ ಕಳ್ಳತನ ಮಾಡೋ ಮುದುಕಿ ಕತಿಗಿ ಅಂತ ಹೇಳ್ರಿ, ಸುಮ್ನಾಗ್ತಾರ. ಇನ್ನ ಹುಡುಗ್ರು ಹಿಂದ ಮುಂದ ನೋಡದೇ ಹಿಟ್ ಹಾಡಿನ ಬಿಜಿಎಂ ಹಾಕಿರ್ತಾರ, ಅದು ಕಾಪಿರೈಟ್ ಇದ್ದದ್ದು, ತೆಗಿಸ್ರಿ. ಊರಾಗ ತಬಲಾ ಬಾರ್ಸೋರಿದ್ದಾರ, ಭಜನಿ ಪದ ಹಾಡೋರಿದ್ದಾರ, ಕೇಳಿ ರೆಕಾರ್ಡ್ ಮಾಡ್ಕೊಂಡ್ರ ಫಿಲ್ಮಿಗೂ ತನ್ನದೇ ಒಂದು ದನಿ ಬರ್ತದ.

ಜಾಗದ ವಿಷಯಕ್ಕ ಬಂದ್ರ ಎಲ್ಲಾರ ಬಾಯಾಗ ಮೊದಲು ಬರೋದು ಇಲ್ಲಿ ಎಸ್.ಎಂ. ಪಂಡಿತ್ ರಂಗಮಂದಿರ, ಬೀದರ್‌ನಾಗ ಚನ್ನಬಸವ ಪಟ್ಟದ್ದೇವರು ರಂಗಮಂದಿರ. ಮೊದಲ ಶೋಕ್ಕ ಅಷ್ಟು ದೊಡ್ಡದು ಬ್ಯಾಡ್ರಿ. ಅರವತ್ತು ಮಂದಿ ಅಲ್ಲಿ ಕುಂತ್ರ ಖಾಲಿ ಖುರ್ಚಿನೇ ಕಾಣ್ತಾವ, ಅದೇ ಅರವತ್ತು ಮಂದಿ ಕಾಲೇಜಿನ ಸೆಮಿನಾರ್ ಹಾಲ್‌ನಾಗ ಕುಂತ್ರ ಹೌಸ್‌ಫುಲ್. ಟೈಮ್ ಅಂದ್ರ ನವೆಂಬರ್‌ದಿಂದ ಫೆಬ್ರವರಿ ಒಳಗ ಮುಗಿಸ್ರಿ, ಏಪ್ರಿಲ್ ಮೇ ನಮ್ ಬಿಸಿಲು ನಿಮಗ ಗೊತ್ತೇ ಅದ, ಫ್ಯಾನ್ ಹಚ್ಚಿದ್ರ ಡೈಲಾಗ್ ಕೇಳಂಗಿಲ್ಲ, ಆರಿಸಿದ್ರ ಮಂದಿ ಕೂಡಂಗಿಲ್ಲ. ಮಧ್ಯಾಹ್ನ ಮೂರಕ್ಕ ಶುರು ಮಾಡಿದ್ರ ಆಳಂದ, ಚಿಂಚೋಳಿ, ಜೇವರ್ಗಿ ಕಡೆಯಿಂದ ಬರೋ ಹುಡುಗ್ಯಾರಿಗಿ ಹೊಳ್ಳಿ ಹೋಗ್ಲಿಕ್ಕೆ ಬಸ್ ಸಿಗ್ತದ. ಸಂಜಿ ಏಳಕ್ಕ ಇಟ್ಟು "ಹುಡುಗ್ಯಾರು ಬರಂಗೇ ಇಲ್ಲ" ಅನ್ನೋದು ಯಾವ ನ್ಯಾಯ?

ಹಗಲಾದ್ರ ಕಿಡಕಿಗಿ ಕರೀ ಬಟ್ಟಿ ಕಟ್ಟಲೇಬೇಕು, ಟೆಂಟ್ ಹೌಸ್‌ನಾಗ ಬಾಡಿಗಿಗಿ ಸಿಗ್ತದ. 3000 ಲ್ಯೂಮೆನ್ಸ್ (ಬೆಳಕಿನ ಅಳತಿ) ಪ್ರೊಜೆಕ್ಟರ್ ಕತ್ತಲಿದ್ರ ಹತ್ತು ಫೂಟಿನ ಪರದಿಗಿ ಸಾಕಾಗ್ತದ, ಬೆಳಕು ಒಳಗ ಬಂತಂದ್ರ ಎಷ್ಟು ದೊಡ್ಡ ಪ್ರೊಜೆಕ್ಟರ್ ತಂದ್ರೂ ರಾತ್ರಿ ಸೀನ್ ಎಲ್ಲಾ ಬೂದಿ ಬೂದಿ.

ಖರೇ ಕೆಲಸ ಇರೋದು ಸೌಂಡಿನಾಗ. ನಮ್ ಕಾರ್ಯಕ್ರಮದಾಗ ರೊಕ್ಕ ಎಲ್ಲಿ ಹೋಗ್ತದ ನೋಡ್ರಿ, ಶಾಲು, ಹಾರ, ಮೊಮೆಂಟೋ, ಫ್ಲೆಕ್ಸು, ಸ್ಟೇಜ್ ಮ್ಯಾಲ ಹನ್ನೊಂದು ಮಂದಿ ಅತಿಥಿ, ಫಿಲ್ಮ್ ಹಚ್ಚೋ ಹೊತ್ತಿಗಿ ಮಂದಿ ಅರ್ಧ ಎದ್ದು ಹೋಗಿರ್ತಾರ, ಸೌಂಡ್ ಮಾತ್ರ ಭಾಷಣದ ಪೆಟ್ಟಿಗಿ ಸ್ಪೀಕರ್ ಒಳಗ ಗೊರ ಗೊರ. ಆ ರೊಕ್ಕದಾಗ ಎರಡು ಚೊಲೋ ಸ್ಪೀಕರ್, ಒಂದು ಸಣ್ಣ ಮಿಕ್ಸರ್ (ಸೌಂಡ್ ಹೆಚ್ಚು ಕಡಿಮಿ ಮಾಡೋ ಡಬ್ಬಿ) ತರ್ಸ್ರಿ. ಲ್ಯಾಪ್‌ಟಾಪ್ ಪ್ರೊಜೆಕ್ಟರ್ ಬಾಜೂನೇ ಇರ್ಲಿ, ಪಿಕ್ಚರ್ ಒಯ್ಯೋ ಎಚ್‌ಡಿಎಂಐ ಕೇಬಲ್ ಹತ್ತು ಹದಿನೈದು ಮೀಟರ್ ದಾಟಿತಂದ್ರ ಪಿಕ್ಚರ್ ಮಿಣ ಮಿಣ ಅನ್ನೋ ಚಾನ್ಸ್ ಅದ, ಅದಕ್ಕ ಉದ್ದ ಎಳೆಯೋದು ಸೌಂಡಿನ ಕೇಬಲ್. ಹಚ್ಚಿದ ಕೂಡ್ಲೆ "ಮ್ಮ್ಮ್" ಅಂತ ದನಿ ಬಂದ್ರ ಹೆದರ್ಬ್ಯಾಡ್ರಿ, ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತಿ ನೋಡ್ರಿ, ಭಾಳ ಸಲ ಅದೇ ಕಾರಣ ಇರ್ತದ. ಆಮ್ಯಾಲ ಎಲ್ಲಾ ಫಿಲ್ಮಿನ ಮೊದಲ ಎರಡು ನಿಮಿಷ ಒಂದರ ಹಿಂದ ಒಂದು ಹಚ್ಚಿ, ಹಿಂದಿನ ಸಾಲಿನಾಗ ಕುಂತು ಕೇಳಿ, ಯಾವುದಕ್ಕ ವಾಲ್ಯೂಮ್ ಎಷ್ಟು ಬೇಕು ಅಂತ ಹಾಳಿ ಮ್ಯಾಲ ಬರ್ಕೋರಿ.

ಇದೇ ಟೆಸ್ಟಿನಾಗ ಇನ್ನೊಂದೆರಡು ಸಿಕ್ಕಿಬೀಳ್ತಾವ. ಫೋನಿನ ವಿಡಿಯೋದಾಗ ಫ್ರೇಮ್ ರೇಟ್ (ಸೆಕೆಂಡಿಗಿ ಎಷ್ಟು ಚಿತ್ರ ಅನ್ನೋ ಲೆಕ್ಕ) ಹೆಚ್ಚು ಕಡಿಮಿ ಆಗ್ತಿರ್ತದ, ಎಡಿಟ್ ಮಾಡಿದ ಮ್ಯಾಲ ತುಟಿ ಒಂದು ಕಡೆ ಮಾತು ಒಂದು ಕಡೆ, ಅಂಥಾವು ಹ್ಯಾಂಡ್‌ಬ್ರೇಕ್ ಸಾಫ್ಟ್‌ವೇರಿನಾಗ ಕಾನ್ಸ್ಟಂಟ್ (ಬದಲಾಗದ) ಫ್ರೇಮ್ ರೇಟಿಗಿ ಬದಲಿ ಮಾಡಿ ಹೊಸದಾಗಿ ಎಡಿಟ್ ಮಾಡ್ಲಿಕ್ಕೆ ಹೇಳ್ಬೇಕು, ಹಂಗಾಗಿ ಫಿಲ್ಮ್ ಹತ್ತು ದಿನ ಮೊದಲೇ ಇಸ್ಕೋಬೇಕು. ಕನ್ನಡ ಸಬ್‌ಟೈಟಲ್ ಬ್ಯಾರೆ ಫೈಲ್ ಇದ್ರ ಎಷ್ಟೋ ಸಲ ಒತ್ತಕ್ಷರ ಒಡೆದು "ಅಮ್ಮ" ಹೋಗಿ "ಅಮ್‌ಮ" ಆಗ್ತದ, ಸಬ್‌ಟೈಟಲ್ ವಿಡಿಯೋದೊಳಗೇ ಕೂಡ್ಸಿ ಎಕ್ಸ್‌ಪೋರ್ಟ್ ಮಾಡ್ಸಿದ್ರ ಚಿಂತಿ ಇಲ್ಲ. ಫೈಲಿಗಿ 01, 02 ಅಂತ ನಂಬರ್ ಹಾಕಿ ವಿಎಲ್‌ಸಿ ಪ್ಲೇಯರ್ ಒಳಗ ಸಾಲಾಗಿ ಇಡ್ರಿ, ವಾಟ್ಸ್ಯಾಪ್ ವೆಬ್ ಬಂದ್ ಮಾಡ್ರಿ (ಯಾರದೋ "ಊಟ ಆಯ್ತಾ ಚಿನ್ನಾ" ಪರದಿ ಮ್ಯಾಲ ಬರೋದು ಬ್ಯಾಡ), ವಿಂಡೋಸ್ ಅಪ್‌ಡೇಟ್ ತಡೀರಿ. ಕರೆಂಟಿನ ಭರವಸೆ ಇಲ್ಲ, ಯುಪಿಎಸ್ ಇರ್ಲಿ.

ಮೊದಲ ಫಿಲ್ಮ್ ಸಣ್ಣದು, ನಗಸೋದು ಇರ್ಲಿ, ಭಾರೀ ಕತಿ ನಡುವ, ಉದ್ದನೆದು ಕಡೀಕ್ ಇಡಬ್ಯಾಡ್ರಿ. ಸ್ವಾಗತ ಎರಡು ನಿಮಿಷ. ಫಿಲ್ಮ್ ಮುಗಿದ ಮ್ಯಾಲ ಮಾಡಿದವ್ರನ್ನ ಮುಂದ ಕರೀರಿ, ಆದ್ರ "ನಿಮಗ ಹ್ಯಾಂಗ ಅನಿಸ್ತದ" ಅಂತ ಕೇಳಿದ್ರ "ಖುಷಿ ಆಯ್ತು ಸರ್" ಅಂತಾರ, ಮುಗೀತು. ಒಂದು ಶಾಟ್ ಹಿಡಿದು ಕೇಳ್ರಿ: ಆ ಬಾಗಲದ ಹೊರಗೇ ಕ್ಯಾಮೆರಾ ಯಾಕ ನಿಂತ್ತು, ಅವ್ವನ ಮಾರಿ ಯಾಕ ತೋರಿಸ್ಲಿಲ್ಲ? ಆಗ ಮಾತು ಹೊಂಡ್ತಾವ. ಕೆಲವು ಸಲ ಉತ್ತರ "ಲೈಟ್ ಇರ್ಲಿಲ್ರಿ" ಅಂತ ಇರ್ತದ, ಅದೂ ಚೊಲೋನೇ, ಮಂದಿ ನಗ್ತಾರ, ಹುಡುಗನ ಹೆದರಿಕಿ ಹೋಗ್ತದ. ಭಾಷಣ ಶುರು ಮಾಡೋ ಹಿರಿಯರ ಕೈಯಿಂದ ಮೈಕ್ ಇಸ್ಕೊಳ್ಳೋ ಧೈರ್ಯ ಇದ್ದವ್ರನ್ನೇ ಆಂಕರ್ ಮಾಡ್ರಿ.

ಫೇಸ್‌ಬುಕ್ ಲೈವ್, ಫೋನ್ ರೆಕಾರ್ಡಿಂಗ್ ಬಂದ್ ಅಂತ ಶುರುವಿಗೇ ಹೇಳ್ರಿ, ಯಾಕಂದ್ರ ಆನ್‌ಲೈನ್ ಬಂದುಹೋದ ಫಿಲ್ಮ್ ಕೆಲವು ಫೆಸ್ಟಿವಲ್‌ನವ್ರು ತಗೊಳ್ಳಂಗಿಲ್ಲ, ಮುಂದ ಕಳಿಸೋ ಹುಡುಗ್ರ ದಾರಿ ನಾವೇ ಮುಚ್ಚಿದಂಗ ಆಗ್ತದ. ಶೋ ಮುಗಿದ ಮ್ಯಾಲ ಸುಸಲಾ, ಮಿರ್ಚಿ ಭಜಿ, ಚಾ ಇಟ್ರ ಮಂದಿ ಅರ್ಧ ತಾಸು ನಿಲ್ತಾರ, ಮುಂದಿನ ಫಿಲ್ಮಿಗಿ ಕ್ಯಾಮೆರಾ ಹಿಡಿಯೋರು, ಎಡಿಟ್ ಮಾಡೋರು ಒಬ್ರಿಗೊಬ್ರು ಸಿಗೋದು ಅಲ್ಲೇ, ಹಂಗಾಗಿ ಹಾಲ್ ಬುಕ್ ಮಾಡೋವಾಗ ಆ ಅರ್ಧ ತಾಸೂ ಸೇರಿಸಿ ಕೇಳ್ರಿ. ಮರುದಿನ ಪೆನ್‌ಡ್ರೈವ್ ಅವ್ರವ್ರಿಗಿ ಮುಟ್ಟಿಸಿ ಲ್ಯಾಪ್‌ಟಾಪಿನ ಕಾಪಿ ಡಿಲೀಟ್ ಮಾಡ್ರಿ, ಆಯ್ಕೆ ಆಗದವ್ರಿಗೂ ಒಂದು ಫೋನ್ ಹಚ್ಚಿ ಯಾಕ ಆಗ್ಲಿಲ್ಲ ಅಂತ ಹೇಳ್ರಿ.