ಗಲಾಟಾ ಸೇತುವೆಯ ಮೇಲೆ ಹತ್ತು ರೋಲು

ಒಂದು ರೋಲ್ ಫಿಲ್ಮಿಗೆ 36 ಚಿತ್ರ. ಕ್ಯಾಮೆರಾದ ಎಣಿಕೆ 36 ದಾಟಿದ ಮೇಲೂ ಫಿಲ್ಮ್ ಮುಂದೆ ಸರಿಸುವ ಲಿವರ್ ಸಲೀಸಾಗಿ ಬಂತು. ಎದೆ ಧಸಕ್ಕೆಂದಿತು. ಇನ್ನೊಂದು ಸಲ ಲಿವರ್ ಎಳೆಯುತ್ತಾ ಕ್ಯಾಮೆರಾದ ಎಡಗಡೆ ಇರುವ ರಿವೈಂಡ್ ಹಿಡಿಕೆಯನ್ನೇ ನೋಡಿದೆ. ಫಿಲ್ಮ್ ಒಳಗೆ ಓಡುತ್ತಿದ್ದರೆ ಅದೂ ಜೊತೆಗೆ ತಿರುಗಬೇಕು. ತಿರುಗಲಿಲ್ಲ. ಕೋಟಿನ ಒಳಗಿಟ್ಟುಕೊಂಡು ಹಿಂಬದಿ ತೆಗೆದೆ. ಫಿಲ್ಮಿನ ತುದಿ ಸ್ಪೂಲಿನ ಸೀಳಿನಿಂದ ಜಾರಿ, ಬೆಳಿಗ್ಗೆ ಹಾಕಿದ ಜಾಗದಲ್ಲೇ ಬಿದ್ದಿತ್ತು. ಎರಡು ಗಂಟೆ ಹೊತ್ತು ನಾನು ತೆಗೆದ ಒಂದು ಚಿತ್ರವೂ ಎಲ್ಲೂ ಮೂಡಿರಲಿಲ್ಲ.

ಇಸ್ತಾಂಬುಲ್‌ನ ಗಲಾಟಾ ಸೇತುವೆ, ನವೆಂಬರ್ ಕೊನೆಯ ವಾರ, ನನ್ನ ಪ್ರವಾಸದ ನಾಲ್ಕನೇ ದಿನ. ಇಷ್ಟು ವರ್ಷ ಫಿಲ್ಮ್ ಹಾಕಿದ ಕೈಗೆ ಚಳಿಯಲ್ಲಿ, ಅವಸರದಲ್ಲಿ ಹೀಗಾಯಿತು. ಅಂದಿನಿಂದ ಒಂದು ಅಭ್ಯಾಸ ಬಿಟ್ಟಿಲ್ಲ: ಹೊಸ ರೋಲ್ ಹಾಕಿ ಮುಚ್ಚಿದ ತಕ್ಷಣ ರಿವೈಂಡ್ ಹಿಡಿಕೆಯನ್ನು ಮೆಲ್ಲಗೆ ತಿರುಗಿಸಿ ಸಡಿಲ ತೆಗೆಯುತ್ತೇನೆ. ಆಮೇಲೆ ಲಿವರ್ ಎಳೆಯುವಾಗ ಹಿಡಿಕೆ ತಿರುಗುವುದನ್ನು ಕಣ್ಣಾರೆ ನೋಡಿಯೇ ಮೊದಲ ಚಿತ್ರ.

ನನ್ನ ಹತ್ತಿರ ಇದ್ದದ್ದು ಹಳೆಯ ನಿಕಾನ್ ಎಫ್‌ಎಂ2, 35 ಎಂಎಂ ಲೆನ್ಸ್ ಒಂದೇ ಒಂದು, ಇಲ್ಫೋರ್ಡ್ ಎಚ್‌ಪಿ5 ಎಂಬ ಕಪ್ಪುಬಿಳುಪು ಫಿಲ್ಮ್ ಹತ್ತು ರೋಲು. ಎಂಟು ದಿನಕ್ಕೆ 360 ಚಿತ್ರ. ಫಿಲ್ಮನ್ನು ಡಬ್ಬಿಗಳಿಂದ ತೆಗೆದು ಒಂದೇ ಪಾರದರ್ಶಕ ಚೀಲಕ್ಕೆ ಹಾಕಿ ಕೈಚೀಲದಲ್ಲೇ ಇಟ್ಟುಕೊಂಡಿದ್ದೆ. ಲಗೇಜಿಗೆ ಹಾಕುವ ಪೆಟ್ಟಿಗೆಯಲ್ಲಿ ಫಿಲ್ಮ್ ಇಡಲೇಬಾರದು, ಅಲ್ಲಿನ ಸ್ಕ್ಯಾನರ್ ಬಲು ಜೋರು. ಕೈಚೀಲ ನೋಡುವ ಕಡೆಯೂ ಈಗ ಹಲವು ನಿಲ್ದಾಣಗಳಲ್ಲಿ ಸಿಟಿ ಸ್ಕ್ಯಾನರ್ ಬಂದಿದೆ. ಅದರಲ್ಲಿ ಒಂದೇ ಒಂದು ಸಲ ಹೋದರೂ ಫಿಲ್ಮಿಗೆ ಮಬ್ಬು ಹಿಡಿಯಬಹುದು. ಅದಕ್ಕೇ ಸಾಲಿನಲ್ಲಿ ನಿಲ್ಲುವ ಮೊದಲೇ ಚೀಲವನ್ನು ಕೈಯಲ್ಲಿ ಹಿಡಿದು, ನಗುತ್ತಾ, ಕೈಯಲ್ಲೇ ನೋಡಿ ಎಂದು ಕೇಳುತ್ತೇನೆ. ಇಸ್ತಾಂಬುಲ್ ವಿಮಾನ ನಿಲ್ದಾಣದಲ್ಲಿ ನಾನು ಹೋದಾಗ ಬಾಗಿಲ ಹತ್ತಿರ ಒಂದು ತಪಾಸಣೆ, ಒಳಗೆ ಇನ್ನೊಂದು ಇತ್ತು. ಹಾಗಾಗಿ ಎರಡು ಸಲ ಕೇಳಬೇಕಾಯಿತು, ಅರ್ಧ ಗಂಟೆ ಮುಂಚೆ ಹೋಗಬೇಕಾಯಿತು.

ಇಸ್ತಾಂಬುಲ್ ಯಾಕೆ ಅಂದರೆ, ಛಾಯಾಗ್ರಾಹಕ ಆರಾ ಗ್ಯುಲೆರ್. 1928ರಲ್ಲಿ ಅದೇ ಊರಲ್ಲಿ ಹುಟ್ಟಿ, 2018ರಲ್ಲಿ ತೀರಿಕೊಳ್ಳುವವರೆಗೂ ಆ ಊರನ್ನು ಬಿಡದೆ ತೆಗೆದವರು. ಊರಿನವರು ಅವರನ್ನು ಇಸ್ತಾಂಬುಲ್‌ನ ಕಣ್ಣು ಅನ್ನುತ್ತಾರೆ. ಊರಿನ ಬೊಮೊಂತಿ ಎಂಬ ಕಡೆ ಅವರ ಹೆಸರಿನ ಮ್ಯೂಸಿಯಂ ತೆರೆದದ್ದು ಅವರ ತೊಂಬತ್ತನೇ ಹುಟ್ಟುಹಬ್ಬದ ದಿನವೇ. ಮಂಜು, ಹೊಗೆ ಉಗುಳುವ ಹಡಗು, ಒದ್ದೆ ಕಲ್ಲುಹಾಸು, ಟೋಪಿ ಹಾಕಿದ ಹಮಾಲರು: ಅವರ ಐವತ್ತರ ದಶಕದ ಚಿತ್ರಗಳನ್ನು ನೋಡಿ ನೋಡಿ ಆ ಊರು ನನ್ನ ತಲೆಯಲ್ಲಿ ಕಪ್ಪುಬಿಳುಪಿನಲ್ಲೇ ಕೂತುಬಿಟ್ಟಿತ್ತು.

ನಾನು ಮಾಡಿದ ದೊಡ್ಡ ತಪ್ಪು ಅದೇ. ಮೊದಲ ಎರಡು ದಿನ ಬಲಾತ್‌ನ ಏರುಗಲ್ಲಿಗಳಲ್ಲಿ, ಬೆಯೊಗ್ಲುವಿನ ಓಣಿಗಳಲ್ಲಿ ಅವರ ಚಿತ್ರಗಳನ್ನೇ ಹುಡುಕುತ್ತಾ ತಿರುಗಿದೆ. ಆ ಹೊಗೆಯ ಹಡಗುಗಳು ಈಗಿಲ್ಲ. ಅವರು ತೆಗೆದ ಹಳೆಯ ಗಲಾಟಾ ಸೇತುವೆಗೆ 1992ರಲ್ಲಿ ಬೆಂಕಿ ಬಿತ್ತು, ಈಗಿನದು 1994ರದ್ದು. ಮೂರು ರೋಲ್ ಖಾಲಿಯಾಯಿತು, ಕಾಲು ಬಿದ್ದುಹೋಯಿತು, ಮನಸ್ಸಿಗೆ ಒಂದೂ ಹಿಡಿಸಲಿಲ್ಲ. ಬೇರೆಯವರ ನೆನಪನ್ನು ಹುಡುಕುತ್ತಾ ನಡೆದರೆ ಎದುರಿಗಿರುವವರು ಕಾಣುವುದಿಲ್ಲ.

ಮೂರನೇ ದಿನ ಇನ್ನು ಎಲ್ಲಿಗೂ ಹೋಗುವುದಿಲ್ಲ, ಒಂದೇ ಜಾಗದಲ್ಲಿ ನಿಲ್ಲುತ್ತೇನೆ ಎಂದು ತೀರ್ಮಾನ ಮಾಡಿ ಸೇತುವೆಗೆ ಬಂದೆ. ಮಧ್ಯೆ ಟ್ರಾಮು, ಎರಡೂ ಕಡೆ ಕಾಲುದಾರಿ, ಕಂಬಿಯುದ್ದಕ್ಕೂ ಗಾಳ ಹಾಕಿ ನಿಂತವರ ಸಾಲು. ಎಲ್ಲರೂ ನೀರಿನ ಕಡೆ ಮುಖ ಮಾಡಿರುತ್ತಾರೆ, ಹಿಂದಿನಿಂದ ತೆಗೆದರೆ ಬರೀ ಬೆನ್ನು. ಕಂಬಿಗೆ ಒರಗಿ, ಅವರ ಸಾಲಿನಲ್ಲೇ ನಿಂತು ಪಕ್ಕದಿಂದ ತೆಗೆಯಬೇಕು. ಬೆಳಿಗ್ಗೆ ಬಾಸ್ಫರಸ್ ಜಲಸಂಧಿಯ ಕಡೆಯ ಕಾಲುದಾರಿ ಒಳ್ಳೆಯದು, ಮುಖಗಳ ಮೇಲೆ ಬಿಸಿಲು ಬೀಳುತ್ತದೆ. ಸಂಜೆ ಎದುರುಬದಿ, ಅಲ್ಲಿ ಸುಲೈಮಾನಿಯೆ ಮಸೀದಿಯ ಗುಮ್ಮಟ ಕಪ್ಪಗೆ ನಿಂತಿರುತ್ತದೆ. ಆ ತಿಂಗಳಲ್ಲಿ ಸೂರ್ಯ ಹುಟ್ಟುವುದೇ ಎಂಟರ ಹತ್ತಿರ, ನಮ್ಮ ಹಾಗೆ ಆರಕ್ಕೇ ಎದ್ದು ಓಡಬೇಕಾಗಿಲ್ಲ.

ಫೋಕಸ್ ಮಾಡುತ್ತಾ ಕೂತರೆ ಆ ಕ್ಷಣ ಹೋಗಿಯೇ ಹೋಗುತ್ತದೆ. ನಾನು ಲೆನ್ಸಿನ ಬೆಳಕುಕಿಂಡಿಯನ್ನು ಎಫ್ 8ಕ್ಕೆ, ದೂರವನ್ನು 3 ಮೀಟರಿಗೆ ಇಟ್ಟು ಬಿಟ್ಟುಬಿಡುತ್ತೇನೆ. 35 ಎಂಎಂ ಲೆನ್ಸಿನಲ್ಲಿ ಹೆಚ್ಚುಕಡಿಮೆ 1.9 ಮೀಟರಿನಿಂದ 7 ಮೀಟರಿನವರೆಗೆ ಎಲ್ಲವೂ ಸ್ಪಷ್ಟವಾಗಿ ಬರುತ್ತದೆ. ನನ್ನ ಫಿಲ್ಮ್ ಬೆಳಕು ಹಿಡಿಯುವ ವೇಗ 400; ದಟ್ಟ ಮೋಡ ಇದ್ದರೆ ಅದಕ್ಕೆ ಶಟರ್ 1/250 ಸೆಕೆಂಡು, ಬಿಸಿಲು ಬಂದರೆ ಎಫ್ 16, 1/500. ಇಷ್ಟು ಬಾಯಿಪಾಠ ಇದ್ದರೆ ಬೆಳಕು ಅಳೆಯುವ ಮೀಟರ್ ನೋಡಬೇಕಾಗಿಲ್ಲ. ಉಳಿದದ್ದು ನನ್ನ ಕಾಲಿನ ಕೆಲಸ: ಎರಡು ಹೆಜ್ಜೆ ಹತ್ತಿರ, ಒಂದು ಹೆಜ್ಜೆ ದೂರ. ಒಂದು ಎಚ್ಚರ ಮಾತ್ರ ಬೇಕು. ಅವರ ದಾರದಲ್ಲಿ ಒಂದರ ಹಿಂದೊಂದು ಹಲವು ಗಾಳ ಕಟ್ಟಿರುತ್ತವೆ, ಬೀಸಿ ಎಸೆಯುವ ಮುಂಚೆ ಅದು ಹಿಂದಕ್ಕೆ ಬರುತ್ತದೆ. ಕ್ಯಾಮೆರಾ ಕಣ್ಣಿಗೆ ಹಿಡಿದವರಿಗೆ ಅದು ಕಾಣುವುದಿಲ್ಲ.

ಬೂದು ಉಣ್ಣೆ ಟೋಪಿಯ ಒಬ್ಬ ಹಿರಿಯರು ದಿನಾ ಒಂದೇ ಕಂಬದ ಪಕ್ಕ ನಿಲ್ಲುತ್ತಿದ್ದರು. ಮೂರನೇ ದಿನ ಅವರ ಹತ್ತಿರ ಹೋಗಿ, ನಾನು ಮೊದಲು ಕಲಿತಿದ್ದ ಮಾತು ಹೇಳಿದೆ: ಕೊಲಾಯ್ ಗೆಲ್ಸಿನ್. ಕೆಲಸ ಮಾಡುತ್ತಿರುವವರನ್ನು ಕಂಡಾಗ ತುರ್ಕಿಯಲ್ಲಿ ಹೇಳುವ ಮಾತು, ನಿಮ್ಮ ಕೆಲಸ ಹಗುರವಾಗಲಿ ಅಂತ. ಅವರ ಮುಖ ಅರಳಿತು. ಕ್ಯಾಮೆರಾ ತೋರಿಸಿ ಕಣ್ಣಲ್ಲೇ ಕೇಳಿದೆ, ತಲೆಯಾಡಿಸಿದರು. ನಾನು ಅವರನ್ನು ಅಮ್ಜಾ ಅಂದೆ, ಅಂದರೆ ಚಿಕ್ಕಪ್ಪ. ಅವರು ನನ್ನನ್ನು ಕಿಜಿಮ್ ಅಂದರು, ಮಗಳೇ ಅಂತ. ನಮ್ಮಲ್ಲೂ ಗುರುತಿಲ್ಲದ ಹಿರಿಯರು ಹೆಣ್ಣುಮಕ್ಕಳನ್ನು ಹಾಗೇ ಕರೆಯುವುದಲ್ಲವೇ? ಆ ಒಂದು ಮಾತಿಗೆ ನನ್ನ ಅಂಜಿಕೆ ಅರ್ಧ ಇಳಿಯಿತು.

ನಾಲ್ಕನೇ ದಿನ ಅವರು ಒಂದೇ ಎಳೆತಕ್ಕೆ ಐದು ಇಸ್ತಾವ್ರಿತ್ ಮೀನು ಮೇಲೆತ್ತಿದರು. ಬೆಳ್ಳಿಯಂಥ ಐದು ಮೀನು ಗಾಳಿಯಲ್ಲಿ ಒದ್ದಾಡುತ್ತಿವೆ, ಹಿಂದೆ ಹಡಗು, ಅದರ ಮೇಲೆ ಕಡಲಹಕ್ಕಿಗಳು. ಅದನ್ನು ತೆಗೆದೆ ಅಂದುಕೊಂಡಿದ್ದೆ. ಓಡದ ಫಿಲ್ಮಿನ ಬೆಳಿಗ್ಗೆ ಅದೇ. ಹಿಂಬದಿ ತೆಗೆದು ನೋಡಿ ಪೆಚ್ಚಾಗಿ ನಿಂತವಳನ್ನು ಅವರು ಏನಾಯಿತು ಎಂದು ಕೈಯಲ್ಲೇ ಕೇಳಿದರು. ಖಾಲಿ ಸ್ಪೂಲ್ ತೋರಿಸಿದೆ. ಅವರಿಗೆ ತಕ್ಷಣ ತಿಳಿಯಿತು. ಅವರ ವಯಸ್ಸಿನವರು ಫಿಲ್ಮಿನ ಕಾಲದವರೇ. ಚಹಾ ಮಾರುವವನನ್ನು ಕರೆದು ಎರಡು ಚಹಾ ಹೇಳಿದರು. ತನ್ನ ಪಕ್ಕದ ನೆಲ ತೋರಿಸಿ, ನಾಳೆ ಬಾ ಎಂದರು.

ಮರುದಿನ ಅದೇ ರೋಲನ್ನು ಸರಿಯಾಗಿ ಹಾಕಿಕೊಂಡು ಹೋದೆ. ಐದು ಮೀನು ಮತ್ತೆ ಬರಲಿಲ್ಲ. ಆದರೆ ನಿನ್ನೆ ಕಾಣದೆ ಹೋದದ್ದು ಇವತ್ತು ಕಂಡಿತು: ಗಾಳಕ್ಕೆ ಸಿಕ್ಕ ಒಂದು ಚಿಕ್ಕ ಮೀನನ್ನು ಅವರು ಬಿಡಿಸುವ ರೀತಿ. ಚಳಿಗೆ ಬಿರಿದ ದಪ್ಪ ಬೆರಳುಗಳು, ಹೆಬ್ಬೆರಳಿನ ಮೇಲೆ ಅಂಟಿದ ಮೀನಿನ ಪೊರೆ, ತುಟಿ ಕಚ್ಚಿಕೊಂಡ ಮುಖ. ಬಿಡಿಸಿ, ಅಳತೆ ನೋಡಿ, ನೀರಿಗೇ ಎಸೆದರು. ಆ ಮೂರು ನಾಲ್ಕು ಸೆಕೆಂಡಿನಲ್ಲಿ ಎರಡು ಚಿತ್ರ ತೆಗೆದೆ. ನನ್ನ ಕಡೆ ಅವರು ತಿರುಗಿಯೂ ನೋಡಲಿಲ್ಲ, ಅಷ್ಟು ರೂಢಿಯಾಗಿತ್ತು ನಾನು ಅಲ್ಲಿರುವುದು. ಓಡಾಡುತ್ತಾ ತೆಗೆಯುವವರಿಗೆ ಈ ಚಿತ್ರ ಸಿಗುವುದಿಲ್ಲ. ಡಿಜಿಟಲ್ ಆಗಿದ್ದರೆ ನಾನೂ ಹಿಂದಿನ ದಿನವೇ ಐದು ಮೀನು ಹಿಡಿದುಕೊಂಡು ಮುಂದಿನ ಊರಿಗೆ ಹೋಗಿಬಿಡುತ್ತಿದ್ದೆ.

ಸಂಜೆಗಳು ಸೇತುವೆಯ ತುದಿಯ ಎಮಿನೋನುವಿನಿಂದ ಬಾಸ್ಫರಸ್ ಆಚೆಯ ಕಡಿಕೊಯ್‌ಗೆ ಹೋಗುವ ಹಡಗಿನಲ್ಲಿ. ಆ ಮಂದ ಬೆಳಕಿಗೆಂದು ಎರಡು ರೋಲನ್ನು 400ರ ಬದಲು 1600ರ ವೇಗಕ್ಕೆ ಇಟ್ಟು ತೆಗೆದೆ, ರೋಲಿನ ಮೇಲೆ ಮಾರ್ಕರಿನಲ್ಲಿ ಬರೆದುಕೊಂಡೆ. ಮಧ್ಯೆ ಮನಸ್ಸು ಬದಲಾಯಿಸುವ ಹಾಗಿಲ್ಲ, ಇಡೀ ರೋಲಿಗೆ ಒಂದೇ ಲೆಕ್ಕ. ಮೀಟರಿನ ಬ್ಯಾಟರಿ ಒಂದು ದಿನ ಸತ್ತಿತು. ಸಿರ್ಕೆಜಿಯ ಹಯ್ಯಾಮ್ ಪಸಾಜಿ ಎಂಬ ಕಟ್ಟಡದ ತುಂಬ ಕ್ಯಾಮೆರಾ ಅಂಗಡಿಗಳೇ, ಅಲ್ಲಿ ಸಿಕ್ಕಿತು. ಫಿಲ್ಮ್ ಪ್ರೀತಿಸುವವರು ಅಲ್ಲಿಗೆ ಹೋಗದೆ ಬರಬೇಡಿ.

ಮೈಸೂರಿಗೆ ಬಂದು ಎಲ್ಲ ರೋಲನ್ನೂ ಮನೆಯಲ್ಲೇ ತೊಳೆದೆ. ಚಿತ್ರ ಮೂಡಿಸುವ ಐಡಿ-11 ದ್ರಾವಣ, ಮತ್ತೆ ನೀರು ಬೆರೆಸದೆ, 20 ಡಿಗ್ರಿಯಲ್ಲಿ: 400ರ ರೋಲುಗಳಿಗೆ ಏಳೂವರೆ ನಿಮಿಷ, 1600ರವಕ್ಕೆ 14. ನಮ್ಮ ನಲ್ಲಿ ನೀರು 20ಕ್ಕೆ ಇಳಿಯುವುದಿಲ್ಲ, ತೊಟ್ಟಿಗೆ ಐಸ್ ಹಾಕಿ ಥರ್ಮಾಮೀಟರ್ ಕಾಯಬೇಕು. ಓಡದೆ ಉಳಿದಿದ್ದ ಆ ರೋಲನ್ನು ಕೊನೆಗೆ ಇಟ್ಟುಕೊಂಡೆ, ಅದಕ್ಕೆ ಒಂಟಿಯಾಗಿ ಹೊಸ ದ್ರಾವಣ. ಮೂಡಿದ ಚಿತ್ರವನ್ನು ಉಳಿಸುವ ಹೈಪೋ ದ್ರಾವಣದಿಂದ ತೆಗೆದು ತೊಳೆದು, ಬಚ್ಚಲಿನ ದೀಪಕ್ಕೆ ಹಿಡಿದಾಗ ಮೊದಲು ಗುರುತು ಸಿಕ್ಕಿದ್ದು ಟೋಪಿ, ಆಮೇಲೆ ಬೆರಳುಗಳು.

ಎರಡು ಚಿತ್ರಗಳಲ್ಲಿ ಎರಡನೆಯದನ್ನು ಎಂಟು ಹತ್ತು ಇಂಚಿನ ಕಾಗದದ ಮೇಲೆ ಪ್ರಿಂಟ್ ಹಾಕಿದೆ. ಬೆರಳುಗಳ ಕಡೆ ತೀರಾ ಬೆಳ್ಳಗೆ ಕಾಣುತ್ತಿತ್ತು. ಕಾಗದಕ್ಕೆ ಬೆಳಕು ಹೆಚ್ಚಿದಷ್ಟೂ ಕಪ್ಪಾಗುತ್ತದೆ, ಹಾಗಾಗಿ ಅಲ್ಲಿ ಇನ್ನೂ ನಾಲ್ಕು ಸೆಕೆಂಡು ಬೆಳಕು ಕೊಟ್ಟ ಮೇಲೆ ಪೊರೆಯ ಹೊಳಪು ಉಳಿದುಕೊಂಡಿತು. ಹೊರಡುವ ದಿನ ಅಮ್ಜಾ ನನ್ನ ನೋಟ್‌ಬುಕ್ಕಿನಲ್ಲಿ ತಮ್ಮ ವಿಳಾಸ ಬರೆದುಕೊಟ್ಟಿದ್ದರು. ಅದನ್ನೇ ನೋಡಿ ನೋಡಿ, ತುರ್ಕಿ ಅಕ್ಷರದ ಕೆಳಗಿನ ಬಾಲ, ಚುಕ್ಕೆಯಿಲ್ಲದ ಐ ಸಮೇತ, ಲಕೋಟೆಯ ಮೇಲೆ ಇಳಿಸಿದೆ. ಚಿತ್ರದ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದದ್ದು ಎರಡೇ ಸಾಲು: ತಾರೀಕು, ಮತ್ತೆ ಕೊಲಾಯ್ ಗೆಲ್ಸಿನ್, ಅಮ್ಜಾ.