ಐಲರಾನ್ ದೊಡ್ಡದು ಮಾಡುವ ಮುಂಚೆ ಇಷ್ಟು ನೋಡಿ

ಅಸಲಿ ವಿಮಾನದ ಕಾಲು ಭಾಗದಷ್ಟಿರುವ ಪೈಪರ್ ಕಬ್‌ನಂಥ ದೊಡ್ಡ ರೇಡಿಯೋ ನಿಯಂತ್ರಿತ ಮಾಡೆಲ್ ವಿಮಾನ ಇಟ್ಟುಕೊಂಡವರು ರೋಲ್ (ವಿಮಾನ ಪಕ್ಕಕ್ಕೆ ವಾಲುವುದು) ಸಾಲ್ತಿಲ್ಲ ಅಂದ ಕೂಡಲೇ ಐಲರಾನ್‌ಗೆ, ಅಂದರೆ ರೆಕ್ಕೆಯ ಹಿಂದಂಚಿನಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿಗೆ, ಬಾಲ್ಸಾ (ಹಗುರ ಮರ) ಪಟ್ಟಿ ಅಂಟಿಸಲು ಹೊರಡುತ್ತಾರೆ. ಸ್ವಲ್ಪ ತಾಳಿ. ಮೊದಲು ಹಿಂಜ್ ಸಂದು, ಅಂದರೆ ರೆಕ್ಕೆಗೂ ಐಲರಾನ್‌ಗೂ ನಡುವಿನ ಸಂದು ನೋಡಿ. ಅಲ್ಲಿ ಗಾಳಿ ನುಸುಳುತ್ತಿದ್ದರೆ ಹಿಡಿತ ಸಿಗೋದಿಲ್ಲ. ಐಲರಾನನ್ನು ಪೂರ್ತಿ ಮೇಲಕ್ಕೆತ್ತಿ ಹಿಡಿದು, ರೆಕ್ಕೆಯ ಅಡಿಯಿಂದ ಪಾರದರ್ಶಕ ಟೇಪ್ ಹಾಕಿ, ಸ್ಟೀಲ್ ಸ್ಕೇಲಿನ ಅಂಚಿನಿಂದ ಸಂದಿನೊಳಕ್ಕೆ ಒತ್ತಿ. ನೇರ ಇಟ್ಟು ಹಚ್ಚಿದರೆ ಆಮೇಲೆ ಮೇಲಕ್ಕೆ ಏಳೋಕೆ ಟೇಪೇ ಬಿಡಲ್ಲ.

ಬಹಳಷ್ಟು ಸಲ ಇಷ್ಟೇ ಸಾಕು. ಸಾಲದಿದ್ದರೆ ಐಲರಾನ್‌ನ ಅಗಲ (ಹಿಂಜ್‌ನಿಂದ ಹಿಂದಂಚಿನವರೆಗೆ) ಹೆಚ್ಚಿಸಿ, ಆದರೆ ಲೆಕ್ಕ ಗೊತ್ತಿರಲಿ. ಅಗಲ 20% ಜಾಸ್ತಿ ಮಾಡಿದರೆ, ಅದೇ ವೇಗದಲ್ಲಿ ಸರ್ವೋ (ಐಲರಾನ್ ಆಡಿಸುವ ಪುಟ್ಟ ಮೋಟಾರು) ಮೇಲಿನ ಹೊರೆ ಸುಮಾರು 44% ಏರುತ್ತದೆ. ಹಳೇ ಸರ್ವೋ ತಡೆಯುತ್ತಾ?

ಹಿಂಜ್‌ನ ಹಿಂದೆ ತೂಕ ಹೆಚ್ಚಿದಷ್ಟೂ ಫ್ಲಟರ್ (ವೇಗದಲ್ಲಿ ಐಲರಾನ್ ತಾನಾಗೇ ಪಟಪಟನೆ ಅದುರುವುದು) ಭಯ. ಹಾಗಾಗಿ ಹಗುರ ಬಾಲ್ಸಾ ಆರಿಸಿ, ಎಪಾಕ್ಸಿ ಸುಮ್ನೆ ಸುರಿಯಬೇಡಿ. ಪುಶ್‌ರಾಡ್ (ಸರ್ವೋದಿಂದ ಐಲರಾನ್‌ಗೆ ಹೋಗುವ ಕಡ್ಡಿ) ಸರ್ವೋ ಆರ್ಮ್‌ನ ಒಳತೂತಿಗೆ, ಐಲರಾನ್ ಮೇಲಿನ ಹಾರ್ನ್‌ನ (ಕಡ್ಡಿ ಸಿಕ್ಕಿಸುವ ತುಂಡು) ಹೊರತೂತಿಗೆ ಬರಲಿ. ಉದ್ದ ಆರ್ಮ್ ಹಾಕಿ ರೇಡಿಯೋದಲ್ಲಿ ಚಲನೆಯನ್ನು 50%ಗೆ ಇಳಿಸುವವರಿದ್ದಾರೆ. ಅದು ಸರ್ವೋ ಶಕ್ತಿಯನ್ನು ಹಾಳು ಮಾಡಿದ ಹಾಗೆ, ಅಲ್ವಾ?

ಕೊನೆಗೆ ರೇಡಿಯೋ ಆನ್ ಮಾಡಿ, ಐಲರಾನ್ ಅಂಚು ಹಿಡಿದು ಅಲ್ಲಾಡಿಸಿ. ಕೈಗೆ ಸಡಿಲ ಸಿಕ್ಕರೆ ಹಾರಿಸಬೇಡಿ, ಕ್ಲೆವಿಸ್ (ಪುಶ್‌ರಾಡ್ ತುದಿಯ ಕೊಂಡಿ) ಬದಲಿಸಿ. ಆಕಾಶದಲ್ಲಿ ಇದ್ದಕ್ಕಿದ್ದಂತೆ ಗುಂಯ್ ಅಂತ ಸದ್ದು ಬಂದರೆ ಅದು ಫ್ಲಟರ್ ಇರಬಹುದು, ತಕ್ಷಣ ಥ್ರಾಟಲ್ ಇಳಿಸಿ, ಮೂತಿ ಮೆಲ್ಲಗೆ ಮೇಲೆತ್ತಿ ವೇಗ ಕಡಿಮೆ ಮಾಡಿ, ಇಳಿಸಿಬಿಡಿ. ಇಳಿದ ಮೇಲೆ ಪ್ರತಿ ಹಿಂಜ್ ಎಳೆದು ನೋಡಿ, ಸರ್ವೋ ಗೇರ್ ಕೂಡ.